ಕೂಲಿಕಾರರಿಗುಂಟು, ಕಲಿಯುವವರಿಗಿಲ್ಲ!

2008ರ ಡಿಸೆಂಬರ್ 29. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ರಸಾಯನ ಪ್ರಯೋಗಶಾಲೆ. ಗಾಳಿ ತಾಕಿದೊಡನೆ ಹೊತ್ತಿಕೊಳ್ಳುವ ದ್ರಾವಣವನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದ 23 ವರ್ಷದ ಸಂಶೋಧನಾ ಸಹಾಯಕಿಯ ಬಟ್ಟೆಗೆ ಬೆಂಕಿ ಹತ್ತಿತು. ಮೈಮೇಲೆ ರಕ್ಷಣೆಯ ಕೋಟು ಇರಲಿಲ್ಲ. 18 ದಿನ ನರಳಿ ಆಕೆ ತೀರಿಕೊಂಡಳು.

ಇದು ವಿಧಿಯ ಆಟವೆ? ಅಲ್ಲ. ಅಲ್ಲಿಯವರು ಕೋಟು ತೊಡದೆ ಕೆಲಸ ಮಾಡುತ್ತಿದ್ದಾರೆಂದು ಎರಡು ತಿಂಗಳ ಮುಂಚೆಯೇ ವಿಶ್ವವಿದ್ಯಾನಿಲಯದ ಸ್ವಂತ ತನಿಖೆಗಾರರು ಬರೆದುಕೊಟ್ಟಿದ್ದರು. ದೋಷ ಮಾತ್ರ ಹಾಗೆಯೇ ಉಳಿಯಿತು. ಒಡೆಯನ ಅನ್ನ ತಿನ್ನುವ ಮೇಸ್ತ್ರಿ ಒಡೆಯನ ಕೈ ತಡೆದಾನೆಯೆ? ಗಿರಣಿಯ ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಕೆ ಸಂಬಳದ ನೌಕರಿಯಲ್ಲಿದ್ದಳು. ಆದುದರಿಂದಲೇ ಆ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ ಒಳಹೊಕ್ಕು 31,875 ಡಾಲರ್ ದಂಡ ಹಾಕಿತು. ಬರೀ ಫೀ ತೆತ್ತು ಕಲಿಯುವ ಹುಡುಗಿಯಾಗಿದ್ದರೆ? ಆ ಇಲಾಖೆಯ ಕಾಯ್ದೆ ಅವಳ ಪಾಲಿಗೆ ಇರುತ್ತಲೇ ಇರಲಿಲ್ಲ. ಕೂಲಿ ಪಡೆಯುವ ಜೀವಕ್ಕೆ ಕಾವಲು, ಹಣ ಕೊಡುವ ಜೀವಕ್ಕೆ ಇಲ್ಲ! ಇದಾವ ನ್ಯಾಯ?

ದೂರದ ಊರಿನ ಮಾತೆಂದು ಯಾರೂ ಸುಮ್ಮನಿರಬಾರದು. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸ್ಫೋಟವಾಗಿ ಒಬ್ಬರು ಸತ್ತರು, ಮೂವರು ಗಾಯಗೊಂಡರು.

ನಾವು ಕೇಳುವುದಿಷ್ಟೆ: ಕಾಲೇಜಿನ ಪ್ರಯೋಗಶಾಲೆಗೆ ಹೊರಗಿನ ಇನ್‌ಸ್ಪೆಕ್ಟರ್ ಬರಲಿ, ಅವನ ವರದಿ ನೋಟೀಸು ಬೋರ್ಡಿಗೆ ಏರಲಿ, ದೋಷ ತಿದ್ದುವವರೆಗೆ ಬಾಗಿಲಿಗೆ ಬೀಗ ಬೀಳಲಿ. ಗಿರಣಿಯಲ್ಲಿ ನಾವು ಹೋರಾಡಿ ಪಡೆದ ರಕ್ಷಣೆ ನಮ್ಮ ಮಕ್ಕಳಿಗೂ ಸಲ್ಲಲೇಬೇಕು.