ತೊಲೊಲಿಂಗ್‌ನ ಆ ನಾಲ್ವರ ಹೆಸರೂ ಹೇಳಿ



ಕಪ್ಪತಗುಡ್ಡದ ಮೇಲೆ ಹೆಲಿಕಾಪ್ಟರ್ ಸದ್ದಾದರೆ ನಮ್ಮ ಡೋಣಿಯಲ್ಲಿ ಇಂದಿಗೂ ಹುಡುಗರು ಅಂಗಳಕ್ಕೆ ಓಡುತ್ತಾರೆ. ಹೆಸರು ಹೊಲದಲ್ಲಿ ಎಡೆ ಹೊಡೆಯುವವರು ಎತ್ತು ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾರೆ. ನನಗೆ ನೆನಪಾಗುವುದು 1999ರ ಮೇ 28.

ಅಂದು ಕಾರ್ಗಿಲ್‌ನ ತೊಲೊಲಿಂಗ್ ಬಳಿ ರಾಕೆಟ್ ದಾಳಿಗೆ ಹೋಗಿದ್ದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್, ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಸಿಕ್ಕಿ ಬಿತ್ತು. ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್‌ಗಳಾದ ಪಿ.ವಿ.ಎನ್.ಆರ್. ಪ್ರಸಾದ್ ಮತ್ತು ಆರ್.ಕೆ. ಸಾಹು ಹುತಾತ್ಮರಾದರು. ಬಿಸಿಯ ಬೆನ್ನು ಹತ್ತಿ ಬರುವ ಕ್ಷಿಪಣಿಯ ದಾರಿ ತಪ್ಪಿಸಲು ಉರಿಯುವ ಫ್ಲೇರ್‌ಗಳನ್ನು ಎಸೆಯುತ್ತಾರೆ. ಅವರ ಹೆಲಿಕಾಪ್ಟರ್‌ನಲ್ಲಿ ಆ ಸಾಧನವೇ ಇರಲಿಲ್ಲ. ಇದು ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1965ರ ಯುದ್ಧದಲ್ಲಿ ಮಡಿದ ನಮ್ಮ ಕೊಡಗಿನ ಯುದ್ಧವಿಮಾನ ಪೈಲಟ್ ಅಜ್ಜಮಾಡ ದೇವಯ್ಯ ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ನೆನಪು ಅಷ್ಟು ತಡವಾಗಬಾರದು. ಜುಲೈ 26ರ ಕಾರ್ಗಿಲ್ ವಿಜಯ ದಿವಸದಂದು ನಮ್ಮ ಭಾಗದ ಶಾಲೆಗಳ ಗುರುಗಳು ಈ ನಾಲ್ಕು ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಗಟ್ಟಿಯಾಗಿ ಓದಿಸಲಿ ಎಂದು ಕೈಮುಗಿದು ಕೇಳುತ್ತೇನೆ.

— ಓದುಗ, ಡೋಣಿ, ಮುಂಡರಗಿ ತಾಲ್ಲೂಕು