ಲೂಪಸ್: ವರದಿಯ ಜತೆಗೆ ರೋಗಿಯ ಮಾತೂ ಬೇಕು

ಸಾಂಬ್ರಾದಿಂದಲೋ ಖಾನಾಪುರದ ಹಳ್ಳಿಗಳಿಂದಲೋ ಬೆಳಗಾವಿಯ ದೊಡ್ಡಾಸ್ಪತ್ರೆಗೆ ಬರುವ ಲೂಪಸ್ ರೋಗಿಯ ಮುಂದಿನ ದಿನಗಳು ಹೇಗಿದ್ದಾವು ಎಂಬುದನ್ನು ಲ್ಯಾಬ್ ವರದಿಯೊಂದೇ ಹೇಳಲಾರದು. ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಈ ಕಾಯಿಲೆಗೆ ತುತ್ತಾಗುವ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೆಣ್ಣುಮಕ್ಕಳು, ಅದೂ ಹೆಚ್ಚಾಗಿ ದುಡಿಯುವ ವಯಸ್ಸಿನವರು. ಕಿಡ್ನಿಗೆ ಪೆಟ್ಟು ಬೀಳುತ್ತಿದೆಯೇ ಎಂಬ ಸುಳಿವನ್ನು ಮೂತ್ರದಲ್ಲಿನ ಪ್ರೋಟೀನ್ ಪರೀಕ್ಷೆ ಕೊಡುತ್ತದೆ. ಕಾಲು ಬಾತುಕೊಳ್ಳುವ ತನಕ ಕಾಯಬೇಕಿಲ್ಲ. ಈ ಅಗ್ಗದ ಪರೀಕ್ಷೆ ತಪ್ಪಲೇಬಾರದು. ಆದರೆ ವರದಿ ಚೆನ್ನಾಗಿದ್ದೂ ಬೆಳಗ್ಗೆ ಬೆರಳು ಮಡಚಲಾಗದೆ ರೊಟ್ಟಿ ಬಡಿಯಲು ಕಷ್ಟಪಡುವವರು, ಹೊಲದ ಬಿಸಿಲಿಗೆ ಮುಖ ಕೆಂಪೇರುವವರು, ದಣಿವಿನಿಂದ ಕುಗ್ಗಿದವರು ಇದ್ದಾರೆ. ರೋಗದ ತೀವ್ರತೆಗೂ ಬದುಕಿನ ಗುಣಮಟ್ಟಕ್ಕೂ ಪೂರ್ತಿ ತಾಳೆಯಾಗದು ಎಂದು ಹಲವು ಅಧ್ಯಯನಗಳು ತೋರಿಸಿವೆ.

ರೋಗಿಯ ಅನಿಸಿಕೆಯನ್ನು ಅಳೆಯುವುದು ಹೇಗೆ ಎಂಬ ಆಕ್ಷೇಪಕ್ಕೆ ಉತ್ತರವಿದೆ: ಬ್ರಿಟನ್ನಿನಲ್ಲಿ ರೂಪುಗೊಂಡು 2007ರಲ್ಲಿ ಪ್ರಕಟವಾದ 34 ಪ್ರಶ್ನೆಗಳ ಪಟ್ಟಿ ಇದನ್ನೇ ಮಾಡುತ್ತದೆ. ಹೀಗೆ ಕೇಳುವುದು ಏಕೆ ಮುಖ್ಯವೆಂದರೆ, ನೋವು, ದಣಿವಿನಿಂದ ಬೇಸತ್ತವರು ಮಾತ್ರೆ ಬಿಡುವುದುಂಟು. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುವ ಅಪಾಯ ಹೆಚ್ಚೆಂಬುದು 1991ರ ಕೆನಡಾ ಅಧ್ಯಯನದಲ್ಲೇ ಕಂಡಿತ್ತು. ಹಾಗಾಗಿ ರೋಗಿಯ ಮಾತೂ ಮುನ್ಸೂಚನೆಯೇ. ವೈದ್ಯರಿಗೆ ಪುರುಸೊತ್ತಿಲ್ಲ ಎಂಬುದು ನಿಜ. ಸರದಿಗೆ ಕಾಯುವಾಗ ನರ್ಸ್‌ಗಳು ಕೇಳಿ ಬರೆದುಕೊಳ್ಳಬಹುದಲ್ಲ. ಕನ್ನಡ, ಮರಾಠಿ ಎರಡರಲ್ಲೂ ಇಂಥ ಪ್ರಶ್ನೆಪಟ್ಟಿಯನ್ನು ಜಿಲ್ಲೆಯ ಆಸ್ಪತ್ರೆಗಳು ಬರುವ ಮೇ 10ರ ವಿಶ್ವ ಲೂಪಸ್ ದಿನದೊಳಗೆ ಬಳಕೆಗೆ ತರಲಿ.