ಬೇಲಿ ಎದ್ದು ದಾರಿ ಮೇಯ್ದರೆ?



ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾವೆಲ್ಲ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇವೆ. ನಮ್ಮ ಸಿಂಗಟಗೆರೆ ಕಡೆ ಈಗ ಬೇಲಿ ಎದ್ದು ದಾರಿ ಮೇಯುತ್ತಿದೆ. ಅದಕ್ಕೇ ಈ ಸಲ ಗೋಡೆ ಪತ್ರಿಕೆಗೆ ಕಾಲುದಾರಿ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಮನೆ ಊರೊಳಗಿಲ್ಲ, ತೋಟದಲ್ಲಿದೆ. ನಾನು ಮತ್ತು ನನ್ನ ತಂಗಿ ಬದುವಿನ ಪಕ್ಕದ ಕಾಲುದಾರಿಯಲ್ಲಿ ಶಾಲೆಗೆ ಬರುತ್ತಿದ್ದೆವು. ಕಾಲು ಗಂಟೆ ಸಾಕಾಗಿತ್ತು. ಯುಗಾದಿ ಆದ ಮೇಲೆ ಒಂದು ದಿನ ನೋಡಿದರೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದುಬಿಟ್ಟಿದ್ದರು. ಮೊದಮೊದಲು ತಂತಿ ಎತ್ತಿ ನುಸುಳುತ್ತಿದ್ದೆವು. ತಂಗಿಯ ಯೂನಿಫಾರಂ ಹರಿದು ಬೆನ್ನಿಗೆ ಗೀರಾದ ಮೇಲೆ ಅಮ್ಮ ಬೇಡವೇ ಬೇಡ ಅಂದಳು. ಈಗ ಟಾರು ರೋಡಿನಲ್ಲಿ ಸುತ್ತಿಕೊಂಡು ಬರಲು ಮುಕ್ಕಾಲು ಗಂಟೆ ಬೇಕು. ಲಾರಿ ಬಂದಾಗಲೆಲ್ಲ ತಂಗಿಯ ಕೈ ಹಿಡಿದು ರೋಡಿನಿಂದ ಕೆಳಗೆ ಇಳಿದು ನಿಲ್ಲುತ್ತೇನೆ. ಪ್ರಾರ್ಥನೆಗೆ ತಡವಾಗಿ ಬಂದವರ ಸಾಲಿನಲ್ಲಿ ನನ್ನನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ಕಾರಣ ಸೋಮಾರಿತನ ಅಲ್ಲ ಎಂದು ಈ ಮೂಲಕ ತಿಳಿಸುತ್ತೇನೆ.

ನನ್ನ ಕಾಲಾದರೂ ಗಟ್ಟಿ ಇದೆ. ನಮ್ಮಜ್ಜಿ ಪ್ರತಿ ಸೋಮವಾರ ಅದೇ ದಾರಿಯಲ್ಲಿ ದೇವಸ್ಥಾನಕ್ಕೆ ಹೋಗುತ್ತಿದ್ದರು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಿದ್ದರು. ಈಗ ಜಗಲಿ ಬಿಟ್ಟು ಎದ್ದೇಳುವುದಿಲ್ಲ. ಒಂದು ದಾರಿ ಮುಚ್ಚಿದರೆ ಒಬ್ಬ ಮುದುಕಿಗೆ ಊರೇ ಮುಚ್ಚಿದ ಹಾಗೆ.

ಬೇಲಿ ಹಾಕಿದವರ ಕಷ್ಟವನ್ನೂ ಹೇಳಬೇಕು. ದನ ನುಗ್ಗಿ ತೆಂಗಿನ ಸಸಿ ತಿನ್ನುತ್ತವೆ, ರಾತ್ರಿ ಹೊತ್ತು ಕಾಯಿ ಕದಿಯುತ್ತಾರೆ, ಬೋರಿನ ವೈರು ಕತ್ತರಿಸುತ್ತಾರೆ. ಅದೆಲ್ಲ ಸುಳ್ಳಲ್ಲ. ಆದರೆ ಬೆಳೆಗೆ ಬೇಲಿ ಹಾಕಲಿ, ದಾರಿಗೆ ಯಾಕೆ? ಮಲೆನಾಡು ಕಡೆ ಬೇಲಿಯಲ್ಲಿ ತಡಮೆ ಅಂತ ಬಿಡುತ್ತಾರೆ. ಮನುಷ್ಯರು ದಾಟಬಹುದು, ದನ ದಾಟುವುದಿಲ್ಲ. ಇಬ್ಬರಿಗೂ ನಷ್ಟ ಇಲ್ಲ.

ಕಾಲುದಾರಿ ಯಾರದೋ ಧರ್ಮದಿಂದ ಸಿಕ್ಕಿದ್ದಲ್ಲ. ಗ್ರಾಮ ನಕ್ಷೆಯಲ್ಲಿ ಒಂದು ಸಾಲು ಚುಕ್ಕೆಗೆರೆ ಇದ್ದರೆ ಕಾಲುದಾರಿ, ಎರಡು ಸಾಲು ಇದ್ದರೆ ಬಂಡಿದಾರಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ನಕ್ಷೆಯಲ್ಲಿರುವ ದಾರಿ ಮುಚ್ಚಿದ್ದರೆ ಬಿಡಿಸಿಕೊಡಿ ಎಂದು 2023ರಲ್ಲಿ ಕಂದಾಯ ಇಲಾಖೆ ತಹಶೀಲ್ದಾರರಿಗೆ ಸುತ್ತೋಲೆಯನ್ನೂ ಕಳಿಸಿದೆ.

ಇನ್ನು ಒಂದು ಮಾತು ಹೇಳಲು ನಾಚಿಕೆ ಆಗುತ್ತದೆ. ಅಪ್ಪ ಮೊಬೈಲಿನಲ್ಲಿ ನಮ್ಮ ಗ್ರಾಮ ನಕ್ಷೆ ತೆಗೆಸಿ ನೋಡಿದರು. ನಮ್ಮ ಕಾಲುದಾರಿ ಅದರಲ್ಲಿ ಇತ್ತು. ಅದೇ ದಾರಿ ಮುಂದೆ ಬಂಡಿದಾರಿಯಾಗಿ ನಮ್ಮ ಹೊಲದ ಪಕ್ಕ ಹಾಯುತ್ತದೆ. ಆದರೆ ಅಲ್ಲಿ ಈಗ ಎತ್ತಿನಗಾಡಿ ಇರಲಿ, ಇಬ್ಬರು ಜೊತೆಯಾಗಿ ನಡೆಯಲೂ ಜಾಗ ಇಲ್ಲ. ವರ್ಷ ವರ್ಷ ಉಳುವಾಗ ಒಂದೊಂದು ಸಾಲು ಒಳಗೆ ಹಾಕಿಕೊಂಡವರು ನಾವೇ. ಅಪ್ಪ ಬಹಳ ಹೊತ್ತು ಸುಮ್ಮನೆ ಕೂತರು. ಬೇರೆಯವರು ತಂತಿ ಎಳೆದು ಮುಚ್ಚಿದರು, ನಾವು ನೇಗಿಲಲ್ಲಿ ಮುಚ್ಚಿದೆವು, ಅಷ್ಟೇ ವ್ಯತ್ಯಾಸ.

ದಾರಿ ಅಂದರೆ ಸಣ್ಣ ವಿಷಯ ಅಂತ ಕೆಲವರು ನಗಬಹುದು. ಕೇರಳದ ವೈಕಂನಲ್ಲಿ 1924ರಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ಎಲ್ಲ ಜಾತಿಯವರೂ ನಡೆಯಬೇಕು ಅನ್ನುವುದಕ್ಕೆ. 1925ರಲ್ಲಿ ಗಾಂಧೀಜಿಯವರೂ ಅಲ್ಲಿಗೆ ಹೋಗಿದ್ದರು. ಇಂಗ್ಲೆಂಡಿನಲ್ಲಿ 2009ರಲ್ಲಿ ಕಾಯ್ದೆ ಮಾಡಿ, ಸಮುದ್ರದ ದಂಡೆಯುದ್ದಕ್ಕೂ ಜನ ನಡೆಯುವ ದಾರಿ ಮಾಡಲು ಹೊರಟರು. ನಡೆಯುವುದಕ್ಕೆ ಜಾಗ ಕೇಳುವುದು ಸಣ್ಣ ವಿಷಯ ಆಗಿದ್ದರೆ ಇಷ್ಟೆಲ್ಲ ಯಾಕೆ ಮಾಡುತ್ತಿದ್ದರು?

ನನ್ನ ಸಲಹೆ ಇಷ್ಟು. ಗುರುಗಳು ದಯವಿಟ್ಟು ಗ್ರಾಮ ನಕ್ಷೆಯ ಒಂದು ಪ್ರತಿ ತರಿಸಿ ಇದೇ ಗೋಡೆಗೆ ಅಂಟಿಸಬೇಕು. ನಾವು ನಮ್ಮ ನಮ್ಮ ಮನೆಯ ದಾರಿ ಹುಡುಕಿ, ತೆರೆದಿದ್ದರೆ ಹಸಿರು, ಮುಚ್ಚಿದ್ದರೆ ಕೆಂಪು ಬಣ್ಣ ಹಚ್ಚೋಣ. ಮಕ್ಕಳ ಗ್ರಾಮ ಸಭೆ ನಡೆಯುವಾಗ ಅದನ್ನು ಪಂಚಾಯ್ತಿಯವರಿಗೆ ಕೊಡೋಣ. ಯಾರ ಹೆಸರೂ ಹೇಳುವುದು ಬೇಡ, ಜಗಳವೂ ಬೇಡ. ನಕ್ಷೆ ನೋಡಿದರೆ ಅವರವರಿಗೇ ಗೊತ್ತಾಗುತ್ತದೆ.

ಇದನ್ನು ಬರೆಯಲೋ ಬೇಡವೋ ಅಂತ ಅಪ್ಪನನ್ನು ಕೇಳಿದೆ. "ಬರಿ, ಆದರೆ ನಮ್ಮದನ್ನೂ ಬರಿ" ಅಂದರು. ರಾಗಿ ಕುಯ್ಲು ಮುಗಿದ ಮೇಲೆ ನಮ್ಮ ಬದುವನ್ನು ಹಿಂದಕ್ಕೆ ಹಾಕುತ್ತಾರಂತೆ. ಕೆಂಪು ಬಣ್ಣ ಮೊದಲು ನಮ್ಮ ಹೊಲದ ಹತ್ತಿರವೇ ಹಚ್ಚುತ್ತೇನೆ. ಹಸಿರು ಮಾಡುವುದೂ ಅಲ್ಲಿಂದಲೇ.

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ